ಭೌತಚಿಕಿತ್ಸೆಯ ಉಚಿತ ಶಿಕ್ಷಣ: ಫಿಸಿಯೋಪೀಡಿಯಾ ಸೇವಾಸಂಸ್ಥೆಯ ಹಾದಿ

ಫಿಸಿಯೋಪೀಡಿಯಾ ಎಂಬುದು ಭೌತಚಿಕಿತ್ಸೆ ಅಥವಾ ಫಿಸಿಯೋಥೆರಪಿಗೆ ಸಂಬಂಧಿಸಿದ ತಿಳಿವಳಿಕೆಯನ್ನು ಜಗತ್ತಿನ ಯಾವುದೇ ಭಾಗದ ವೃತ್ತಿನಿರತರಿಗೂ ವಿದ್ಯಾರ್ಥಿಗಳಿಗೂ ಶುಲ್ಕವಿಲ್ಲದೆ ತಲುಪಿಸುವ ಉದ್ದೇಶದಿಂದ ರೂಪುಗೊಂಡ ಅಂತರ್ಜಾಲ ವಿಶ್ವಕೋಶ. ಇದನ್ನು ನಡೆಸುತ್ತಿರುವುದು ಬ್ರಿಟನ್ನಿನಲ್ಲಿ ನೋಂದಾಯಿತವಾದ ಇದೇ ಹೆಸರಿನ ಸೇವಾಸಂಸ್ಥೆ. ವಿಶ್ವಕೋಶದ ಲೇಖನಗಳ ಜೊತೆಗೆ ಈ ಸಂಸ್ಥೆಯು ಮುಕ್ತ ತರಗತಿಗಳನ್ನೂ ನಡೆಸಿಕೊಂಡು ಬಂದಿದೆ. ಬೆನ್ನುಹುರಿಯ ಪೆಟ್ಟು, ಅಂಗಚ್ಛೇದನ, ಮಕ್ಕಳ ಮಿದುಳುವಾತ, ಹುಟ್ಟುವಾಗಲೇ ಇರುವ ಸೊಟ್ಟಪಾದ ಮುಂತಾದವು ಈ ತರಗತಿಗಳ ವಿಷಯಗಳಾಗಿವೆ. ಇವೆಲ್ಲವೂ ಬಡ ದೇಶಗಳಲ್ಲಿ ಹೆಚ್ಚಿನ ಸಂಕಷ್ಟ ತಂದೊಡ್ಡುವ, ಆದರೆ ಸರಿಯಾದ ಆರೈಕೆ ಸಿಕ್ಕರೆ ಬಹುಮಟ್ಟಿಗೆ ನಿಭಾಯಿಸಬಲ್ಲ ಸ್ಥಿತಿಗಳೆಂಬುದು ಗಮನಾರ್ಹ.

ಅಗತ್ಯ ಎಷ್ಟು?

ಪುನಶ್ಚೇತನ ಚಿಕಿತ್ಸೆಯ ಅಗತ್ಯ ಎಷ್ಟು ಜನರಿಗಿದೆ ಎಂಬ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೂ ಒಳಗೊಂಡ ತಂಡವೊಂದರ ಅಧ್ಯಯನವು 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ 2019ರಲ್ಲಿ ಜಗತ್ತಿನ ಸುಮಾರು 241 ಕೋಟಿ ಜನ ಇಂಥ ಚಿಕಿತ್ಸೆಯಿಂದ ಪ್ರಯೋಜನ ಪಡೆಯಬಹುದಾದ ಸ್ಥಿತಿಯಲ್ಲಿದ್ದರು. ಅಂದರೆ ಸರಿಸುಮಾರು ಪ್ರತಿ ಮೂವರಲ್ಲಿ ಒಬ್ಬರು. ಇವರಲ್ಲಿ ಸುಮಾರು 171 ಕೋಟಿ ಜನರದು ಮೂಳೆ, ಕೀಲು, ಸ್ನಾಯುಗಳಿಗೆ ಸಂಬಂಧಿಸಿದ ತೊಂದರೆ. ಅದರಲ್ಲಿಯೂ ಸೊಂಟನೋವಿಗೆ ಮೊದಲ ಸ್ಥಾನ.

ಅಗತ್ಯ ಇಷ್ಟಿದ್ದರೂ ಚಿಕಿತ್ಸೆ ನೀಡಬಲ್ಲ ಕೈಗಳು ವಿರಳ. ಕೆಲವು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಬೇಕಾದ ಪುನಶ್ಚೇತನ ಸೇವೆ ದೊರೆಯುತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 10 ಲಕ್ಷ ಜನಸಂಖ್ಯೆಗೆ ಹತ್ತು ಮಂದಿ ನುರಿತ ಚಿಕಿತ್ಸಕರೂ ಇಲ್ಲದ ದೇಶಗಳಿವೆ. ಅಂಥಲ್ಲಿ ಕಾಲೇಜುಗಳೂ ಕಡಿಮೆ, ಅಧ್ಯಾಪಕರೂ ಕಡಿಮೆ. ಪಠ್ಯಪುಸ್ತಕ ಮತ್ತು ವೈದ್ಯಕೀಯ ಪತ್ರಿಕೆಗಳ ಬೆಲೆಯಂತೂ ಸಾಮಾನ್ಯರ ಕೈಗೆ ನಿಲುಕುವಂಥದಲ್ಲ. ಒಮ್ಮೆ ಪದವಿ ಪಡೆದು ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಏಕಾಂಗಿಯಾಗಿ ಕೆಲಸ ಮಾಡುವ ಚಿಕಿತ್ಸಕರು ಮುಂದಿನ ಮೂವತ್ತು ವರ್ಷ ಅದೇ ಹಳೆಯ ತಿಳಿವಳಿಕೆಯನ್ನೇ ನೆಚ್ಚಿಕೊಂಡಿರಬೇಕಾಗುತ್ತದೆ. ಉಚಿತ ಶಿಕ್ಷಣದ ಪ್ರಯತ್ನಗಳು ಹುಟ್ಟಿಕೊಂಡಿದ್ದು ಈ ಕೊರತೆಯ ನಡುವೆ.

ವೃತ್ತಿಯ ಹಿನ್ನೆಲೆ

ಆಧುನಿಕ ಭೌತಚಿಕಿತ್ಸೆಯ ಬೇರುಗಳನ್ನು ಸ್ವೀಡನ್ನಿನಲ್ಲಿ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಆರಂಭಿಸಿದ ಅಂಗಸಾಧನೆಯ ಸಂಸ್ಥೆಯಲ್ಲಿ ಗುರುತಿಸುವುದುಂಟು. ಲಂಡನ್ನಿನಲ್ಲಿ 1894ರಲ್ಲಿ ನಾಲ್ವರು ದಾದಿಯರು ಸೇರಿ ಅಂಗಮರ್ದನ ಕಲಿತವರ ಸಂಘವೊಂದನ್ನು ಕಟ್ಟಿದರು. ಮುಂದೆ ಅದೇ ಬ್ರಿಟನ್ನಿನ ಭೌತಚಿಕಿತ್ಸಕರ ಅಧಿಕೃತ ಸಂಘವಾಗಿ ಬೆಳೆಯಿತು. ಎರಡು ಮಹಾಯುದ್ಧಗಳ ಗಾಯಾಳುಗಳು ಮತ್ತು ಪೋಲಿಯೋ ಪಿಡುಗು ಈ ವೃತ್ತಿಗೆ ಆಸ್ಪತ್ರೆಗಳಲ್ಲಿ ಖಾಯಂ ಸ್ಥಾನ ದೊರಕಿಸಿಕೊಟ್ಟವು. 1951ರಲ್ಲಿ ಕೋಪನ್‌ಹೇಗನ್‌ನಲ್ಲಿ 11 ರಾಷ್ಟ್ರೀಯ ಸಂಘಗಳು ಸೇರಿ ಜಾಗತಿಕ ಒಕ್ಕೂಟವನ್ನು ಸ್ಥಾಪಿಸಿದವು. 'ವರ್ಲ್ಡ್ ಫಿಸಿಯೋಥೆರಪಿ' ಎಂಬ ಹೆಸರಿನ ಈ ಒಕ್ಕೂಟದಲ್ಲಿ ಈಗ 120ಕ್ಕೂ ಹೆಚ್ಚು ಸದಸ್ಯ ಸಂಘಗಳಿವೆ. ಅದು ಸ್ಥಾಪನೆಯಾದ ಸೆಪ್ಟೆಂಬರ್ 8ನ್ನು 1996ರಿಂದ ವಿಶ್ವ ಭೌತಚಿಕಿತ್ಸಾ ದಿನವಾಗಿ ಆಚರಿಸಲಾಗುತ್ತಿದೆ.

ಭಾರತದಲ್ಲಿ ಈ ಶಿಕ್ಷಣ ಬೇರೂರಿದ್ದು 1950ರ ದಶಕದ ಆರಂಭದಲ್ಲಿ. ಪೋಲಿಯೋ ಹಾವಳಿಯ ಹಿನ್ನೆಲೆಯಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ ತರಬೇತಿ ಶಾಲೆ ಆರಂಭವಾಯಿತು. ಅಂದಿನಿಂದ ದೀರ್ಘಕಾಲ ಈ ವಿದ್ಯೆ ಗುರುವಿನ ಕೈಯಿಂದ ಶಿಷ್ಯರ ಕೈಗೆ ದಾಟುವ ವಿದ್ಯೆಯಾಗಿಯೇ ಉಳಿಯಿತು. ಯಾವ ಚಿಕಿತ್ಸೆ ನಿಜಕ್ಕೂ ಫಲ ಕೊಡುತ್ತದೆ, ಯಾವುದು ಕೇವಲ ರೂಢಿ ಎಂಬುದನ್ನು ಪ್ರಯೋಗಗಳ ಮೂಲಕ ಒರೆಗೆ ಹಚ್ಚುವ ಕೆಲಸ ಬಿರುಸಾಗಿದ್ದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ. 1999ರಲ್ಲಿ ಸಿಡ್ನಿಯ ಸಂಶೋಧಕರು 'ಪೆಡ್ರೋ' ಎಂಬ ದತ್ತಸಂಚಯವನ್ನು ಆರಂಭಿಸಿ, ಭೌತಚಿಕಿತ್ಸೆಯ ಪ್ರಯೋಗಗಳ ವಿವರಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ಮುಕ್ತ ಜ್ಞಾನದ ದಿಸೆಯಲ್ಲಿ ಇದೊಂದು ಮುಖ್ಯ ಹೆಜ್ಜೆ.

ಆರಂಭ ಮತ್ತು ಸ್ವರೂಪ

ಫಿಸಿಯೋಪೀಡಿಯಾದ ಕಲ್ಪನೆ ಬ್ರಿಟನ್ನಿನ ಭೌತಚಿಕಿತ್ಸಕಿ ರೇಚಲ್ ಲೋ ಅವರದು. ವಿಕಿಪೀಡಿಯಾದ ಮಾದರಿ ಜನಪ್ರಿಯವಾಗಿದ್ದ 2000ರ ದಶಕದ ಕೊನೆಯ ವರ್ಷಗಳಲ್ಲಿ ಅದು ರೂಪ ತಳೆಯಿತು. ವಿಕಿಪೀಡಿಯಾದಲ್ಲಿ ಯಾರು ಬೇಕಾದರೂ ಬರೆಯಬಹುದು. ಇಲ್ಲಿ ಹಾಗಲ್ಲ. ಓದು ಎಲ್ಲರಿಗೂ ಮುಕ್ತ, ಆದರೆ ಬರೆಯುವವರು ಮತ್ತು ತಿದ್ದುವವರು ಈ ವೃತ್ತಿಯ ಅಥವಾ ಸಂಬಂಧಿತ ವಿದ್ಯೆಯ ಹಿನ್ನೆಲೆಯುಳ್ಳವರಾಗಿರಬೇಕು. ರೋಗಿಯ ಆರೈಕೆಗೆ ಸಂಬಂಧಿಸಿದ ಬರಹದಲ್ಲಿ ಒಂದು ತಪ್ಪು ವಾಕ್ಯವೂ ಹಾನಿ ಮಾಡಬಲ್ಲದು ಎಂಬ ಎಚ್ಚರವೇ ಈ ನಿಯಮಕ್ಕೆ ಕಾರಣ.

ವಿಶ್ವಕೋಶ ಬೆಳೆದ ಬಗೆಯೂ ವಿಶಿಷ್ಟವಾದುದು. ಬ್ರಸೆಲ್ಸ್‌ನ ವ್ರೈಯೆ ವಿಶ್ವವಿದ್ಯಾಲಯ, ಅಮೆರಿಕದ ಬೆಲ್ಲರ್‌ಮೈನ್ ವಿಶ್ವವಿದ್ಯಾಲಯ, ಎಡಿನ್‌ಬರೋದ ಕ್ವೀನ್ ಮಾರ್ಗರೆಟ್ ವಿಶ್ವವಿದ್ಯಾಲಯ ಮೊದಲಾದವು ತಮ್ಮ ವಿದ್ಯಾರ್ಥಿಗಳಿಗೆ ಲೇಖನ ಬರೆಯುವುದನ್ನೇ ಪಾಠದ ಭಾಗವನ್ನಾಗಿ ಮಾಡಿದವು. ಸಾಮಾನ್ಯವಾಗಿ ವಿದ್ಯಾರ್ಥಿ ಬರೆದ ಪ್ರಬಂಧ ಅಧ್ಯಾಪಕರ ಮೇಜಿನಲ್ಲಿ ಅಂಕ ಪಡೆದು ಅಲ್ಲಿಗೇ ಮುಗಿಯುತ್ತದೆ. ಇಲ್ಲಿ ಅದು ಬೇರೊಂದು ಖಂಡದ ಚಿಕಿತ್ಸಕರ ಕೈಗೆ ಸೇರುತ್ತದೆ. ಬರೆಯುವವರಿಗೆ ಪ್ರಯೋಗಗಳ ಪುರಾವೆ ಹುಡುಕಿ ತೂಗಿ ನೋಡುವ ಅಭ್ಯಾಸವೂ ಆಗುತ್ತದೆ. ಆದರೆ ವಿದ್ಯಾರ್ಥಿಗಳ ಬರಹವಾದ್ದರಿಂದ ಎಲ್ಲ ಪುಟಗಳ ಗುಣಮಟ್ಟ ಒಂದೇ ಸಮನಾಗಿಲ್ಲ ಎಂಬ ಮಾತೂ ನಿಜ. ಆಗಾಗ ಪರಿಷ್ಕರಿಸುವ ಕೆಲಸ ಸ್ವಯಂಸೇವಕರ ಹೆಗಲ ಮೇಲಿದೆ.

2014ರ ಮುಕ್ತ ತರಗತಿ

ಸಂಸ್ಥೆಯ ಇತಿಹಾಸದಲ್ಲಿ 2014 ಒಂದು ತಿರುವಿನ ವರ್ಷ. ಆ ವರ್ಷ ಬೆನ್ನುಹುರಿಯ ಪೆಟ್ಟಿನ ಭೌತಚಿಕಿತ್ಸೆ ಕುರಿತು ಐದು ವಾರಗಳ ಉಚಿತ ತರಗತಿಯನ್ನು ಅಂತರ್ಜಾಲದ ಮೂಲಕ ನಡೆಸಲಾಯಿತು. ಇದರ ಹಿಂದೆ ಸಿಡ್ನಿಯ ಪ್ರಾಧ್ಯಾಪಕಿ ಲೀಸಾ ಹಾರ್ವೆ ಮತ್ತು ಸಹೋದ್ಯೋಗಿಗಳ ಶ್ರಮವಿತ್ತು. ನೂರಕ್ಕೂ ಹೆಚ್ಚು ದೇಶಗಳ ಮೂರು ಸಾವಿರಕ್ಕೂ ಮಿಕ್ಕಿದ ಜನ ಇದಕ್ಕೆ ಹೆಸರು ನೋಂದಾಯಿಸಿದರು. ಓದಬೇಕಾದ ಸಾಮಗ್ರಿ, ನೋಡಬೇಕಾದ ದೃಶ್ಯಗಳು, ಉತ್ತರಿಸಬೇಕಾದ ಪ್ರಶ್ನೆಗಳು ವಾರವಾರವೂ ತೆರೆದುಕೊಳ್ಳುತ್ತಿದ್ದವು. ಕಲಿಯುವವರು ಪರಸ್ಪರ ಚರ್ಚಿಸಲು ಫೇಸ್‌ಬುಕ್ ಬಳಸಲಾಯಿತು.

ಮೊದಲ ವಿಷಯವಾಗಿ ಬೆನ್ನುಹುರಿಯ ಪೆಟ್ಟನ್ನೇ ಆರಿಸಿಕೊಂಡಿದ್ದು ಅರ್ಥಪೂರ್ಣ. ವಿಶ್ವ ಆರೋಗ್ಯ ಸಂಸ್ಥೆಯ 2013ರ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಎರಡೂವರೆ ಲಕ್ಷದಿಂದ ಐದು ಲಕ್ಷ ಜನ ಇಂಥ ಪೆಟ್ಟಿಗೆ ಗುರಿಯಾಗುತ್ತಾರೆ. ಅವರು ಅಕಾಲದಲ್ಲಿ ಸಾವಿಗೀಡಾಗುವ ಸಂಭವ ಇತರರಿಗಿಂತ ಎರಡರಿಂದ ಐದು ಪಟ್ಟು ಹೆಚ್ಚು. ಬಡ ದೇಶಗಳಲ್ಲಿ ಈ ಅಪಾಯ ಇನ್ನೂ ಹೆಚ್ಚಾಗಿರುತ್ತದೆ. ಅಲ್ಲಿ ಅನೇಕರ ಪ್ರಾಣ ಹೋಗುವುದು ಮೂಲ ಪೆಟ್ಟಿನಿಂದಲ್ಲ, ತಡೆಯಬಹುದಾಗಿದ್ದ ತೊಡಕುಗಳಿಂದ. ಸ್ಪರ್ಶಜ್ಞಾನ ಕಳೆದುಕೊಂಡ ದೇಹಕ್ಕೆ ಒತ್ತಡದ ನೋವು ತಿಳಿಯುವುದಿಲ್ಲ. ಹಾಸಿಗೆಯಲ್ಲಿ ಒಂದೇ ಮಗ್ಗುಲಿಗೆ ಮಲಗಿದರೆ ಅಥವಾ ಗಾಲಿಕುರ್ಚಿಯಲ್ಲಿ ಅಲುಗಾಡದೆ ಕುಳಿತರೆ ಚರ್ಮ ಕೊಳೆತು ಹಾಸಿಗೆಹುಣ್ಣಾಗುತ್ತದೆ. ಹುಣ್ಣು ಮೂಳೆಯವರೆಗೆ ಇಳಿದು ನಂಜೇರಿದರೆ ಉಳಿಯುವುದು ಕಷ್ಟ. ಹಾಸಿಗೆಯಲ್ಲಿರುವವರ ಮಗ್ಗುಲನ್ನು ಕೆಲವು ಗಂಟೆಗಳಿಗೊಮ್ಮೆ ಬದಲಿಸುವುದು, ಕುರ್ಚಿಯಲ್ಲಿರುವವರು ಆಗಾಗ ತೋಳೂರಿ ಮೈಯೆತ್ತುವುದು ಅಥವಾ ಮುಂದಕ್ಕೆ ಬಾಗುವುದು, ಪ್ರತಿದಿನ ಕನ್ನಡಿ ಹಿಡಿದು ಚರ್ಮ ಪರೀಕ್ಷಿಸಿಕೊಳ್ಳುವುದು ಇಷ್ಟನ್ನು ರೋಗಿಗೂ ಮನೆಯವರಿಗೂ ಕಲಿಸಿದರೆ ಒಂದು ಜೀವ ಉಳಿಯಬಹುದು. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ಬಲ್ಲ ಚಿಕಿತ್ಸಕರು ಬೇಕು.

ಈ ಕ್ಷೇತ್ರದಲ್ಲಿ ಭಾರತೀಯರ ಪಾಲೂ ಇದೆ. ಅಂತರರಾಷ್ಟ್ರೀಯ ಬೆನ್ನುಹುರಿ ಸಂಘವು ವೈದ್ಯರು, ದಾದಿಯರು ಮತ್ತು ಚಿಕಿತ್ಸಕರಿಗಾಗಿ 'ಇ-ಲರ್ನ್ ಎಸ್‌ಸಿಐ' ಎಂಬ ಉಚಿತ ಪಾಠಮಾಲೆಯನ್ನು ರೂಪಿಸಿತು. ನವದೆಹಲಿಯ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್‌ನಲ್ಲಿದ್ದ ಶಸ್ತ್ರವೈದ್ಯ ಡಾ. ಎಚ್.ಎಸ್. ಛಾಬ್ರಾ ಅದರ ರೂವಾರಿಗಳಲ್ಲಿ ಪ್ರಮುಖರು.

ಬಾಂಗ್ಲಾದೇಶದಲ್ಲಿ ಒರೆಗೆ

ಅಂತರ್ಜಾಲದ ತರಗತಿಯಿಂದ ನಿಜವಾಗಿ ಕಲಿಕೆ ಆಗುತ್ತದೆಯೇ ಎಂಬ ಸಂಶಯ ಸಹಜ. ಚಿಕಿತ್ಸೆಯನ್ನು ಪರೀಕ್ಷಿಸುವ ಬಗೆಯಲ್ಲಿಯೇ ತರಗತಿಯನ್ನೂ ಪರೀಕ್ಷಿಸಲು ಸಂಘಟಕರು ಮುಂದಾದರು. ಇದಕ್ಕೆ ಆಯ್ದುಕೊಂಡ ನೆಲ ಬಾಂಗ್ಲಾದೇಶ.

ಢಾಕಾ ಸಮೀಪದ ಸಾವಾರ್‌ನಲ್ಲಿ ಪಾರ್ಶ್ವವಾಯು ಪೀಡಿತರ ಪುನಶ್ಚೇತನ ಕೇಂದ್ರವಿದೆ. ಬ್ರಿಟಿಷ್ ಭೌತಚಿಕಿತ್ಸಕಿ ವ್ಯಾಲರಿ ಟೇಲರ್ 1979ರಲ್ಲಿ ಢಾಕಾದ ಆಸ್ಪತ್ರೆಯೊಂದರ ಆವರಣದ ಪಾಳು ಉಗ್ರಾಣಗಳಲ್ಲಿ ಇದನ್ನು ಆರಂಭಿಸಿದರು. 1990ರಲ್ಲಿ ಅದು ಸಾವಾರ್‌ಗೆ ಸ್ಥಳಾಂತರಗೊಂಡಿತು. ಬೆನ್ನುಹುರಿಗೆ ಪೆಟ್ಟಾದ ಬಡವರಿಗೆ ಚಿಕಿತ್ಸೆ ನೀಡುವುದಷ್ಟೇ ಅಲ್ಲದೆ ಚಿಕಿತ್ಸಕರನ್ನು ತಯಾರು ಮಾಡುವ ವಿದ್ಯಾಸಂಸ್ಥೆಯನ್ನೂ ಈ ಕೇಂದ್ರ ನಡೆಸುತ್ತಿದೆ.

ಈ ಕೇಂದ್ರದವರೂ ಸಿಡ್ನಿಯ ಸಂಶೋಧಕರೂ ಸೇರಿ ಬಾಂಗ್ಲಾದೇಶದ 48 ಭೌತಚಿಕಿತ್ಸಾ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪು ಐದು ವಾರಗಳ ಮುಕ್ತ ತರಗತಿಯಲ್ಲಿ ಭಾಗವಹಿಸಿತು. ಇನ್ನೊಂದು ಗುಂಪು ಅಂತರ್ಜಾಲದ ಪಾಠಘಟಕವನ್ನು ತನ್ನ ಪಾಡಿಗೆ ತಾನು ಓದಿಕೊಂಡಿತು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡೂ ಗುಂಪುಗಳ ತಿಳಿವಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡುಬರಲಿಲ್ಲ.

ಈ ಫಲಿತಾಂಶವನ್ನು ಎರಡು ಬಗೆಯಲ್ಲಿ ಓದಬಹುದು. ಸಾವಿರಾರು ಜನರ ಜೊತೆಗೂಡಿ ಚರ್ಚಿಸುವ ಸಂಭ್ರಮದಿಂದ ಕಲಿಕೆ ಹೆಚ್ಚೇನೂ ಆಗಲಿಲ್ಲ ಎಂಬುದು ಒಂದು. ದೊಡ್ಡ ಸಂಖ್ಯೆಯವರಿಗೆ ಏಕಕಾಲದಲ್ಲಿ ಕಲಿಸಿದರೂ ಕಲಿಕೆಗೆ ಕುಂದಾಗಲಿಲ್ಲ ಎಂಬುದು ಇನ್ನೊಂದು. ಒಟ್ಟಿನಲ್ಲಿ ಚೆನ್ನಾಗಿ ಸಿದ್ಧಪಡಿಸಿದ ಪಾಠವು ಉಚಿತವಾಗಿ ಕೈಗೆ ಸಿಗುವುದೇ ಮುಖ್ಯ, ಅದನ್ನು ಕೊಡುವ ವಿಧಾನ ಆಮೇಲಿನದು ಎಂಬ ತೀರ್ಮಾನಕ್ಕೆ ಇದು ಎಡೆಮಾಡಿಕೊಡುತ್ತದೆ. ತನ್ನದೇ ತರಗತಿಯನ್ನು ಹೀಗೆ ಪರೀಕ್ಷೆಗೊಡ್ಡಿ, ನಿರೀಕ್ಷೆಗಿಂತ ಸಾಧಾರಣವಾದ ಫಲವನ್ನೂ ಮುಚ್ಚಿಡದೆ ಪ್ರಕಟಿಸಿದ್ದು ಈ ಪ್ರಯತ್ನದ ಹೆಚ್ಚುಗಾರಿಕೆ ಎನ್ನಬೇಕು.

2020: ಸೋಂಕಿನ ವರ್ಷ

ಉಚಿತ ಶಿಕ್ಷಣದ ಬೆಲೆ ಜಗತ್ತಿಗೆ ಮನವರಿಕೆಯಾದದ್ದು 2020ರಲ್ಲಿ. ಕೊರೊನಾ ವೈರಸ್ ಹರಡಿದ ಆ ವರ್ಷ ಬಹುತೇಕ ದೇಶಗಳಲ್ಲಿ ಕಾಲೇಜುಗಳು ಮುಚ್ಚಿದವು. ರೋಗಿಯನ್ನು ಮುಟ್ಟಿ ಕಲಿಯಬೇಕಾದ ವಿದ್ಯಾರ್ಥಿಗಳು ಮನೆಯಲ್ಲಿ ಕೂರಬೇಕಾಯಿತು. ಇನ್ನೊಂದೆಡೆ, ಸೊಂಟನೋವು ಮಂಡಿನೋವುಗಳನ್ನೇ ನೋಡಿಕೊಂಡಿದ್ದ ಚಿಕಿತ್ಸಕರು ಏಕಾಏಕಿ ತೀವ್ರ ನಿಗಾ ಘಟಕಗಳಲ್ಲಿ ನಿಲ್ಲಬೇಕಾಯಿತು. ಉಸಿರಾಟಕ್ಕೆ ಒದ್ದಾಡುವ ರೋಗಿಯನ್ನು ಸುರಕ್ಷಿತವಾಗಿ ಬೋರಲು ಮಲಗಿಸುವುದು, ಯಾವ ರೋಗಿಗೆ ಕಫ ಹೊರಡಿಸುವ ಚಿಕಿತ್ಸೆ ಬೇಕು, ಯಾರಿಗೆ ಬೇಡ ಎಂದು ನಿರ್ಧರಿಸುವುದು, ಚಿಕಿತ್ಸಕರು ತಾವು ಸೋಂಕಿನಿಂದ ಪಾರಾಗುವುದು ಇವೆಲ್ಲವನ್ನೂ ದಿನಗಳ ಅಂತರದಲ್ಲಿ ಕಲಿಯಬೇಕಿತ್ತು.

ಮಾರ್ಚ್ ತಿಂಗಳಲ್ಲಿಯೇ ಆಸ್ಟ್ರೇಲಿಯಾದ 'ಜರ್ನಲ್ ಆಫ್ ಫಿಸಿಯೋಥೆರಪಿ' ಪತ್ರಿಕೆಯು ಆಸ್ಪತ್ರೆಗಳಲ್ಲಿ ಕೋವಿಡ್ ರೋಗಿಗಳ ಭೌತಚಿಕಿತ್ಸೆ ಹೇಗಿರಬೇಕೆಂಬ ಅಂತರರಾಷ್ಟ್ರೀಯ ತಜ್ಞರ ಶಿಫಾರಸುಗಳನ್ನು ಉಚಿತವಾಗಿ ಪ್ರಕಟಿಸಿತು. ಅದು ಹಲವು ಭಾಷೆಗಳಿಗೆ ಅನುವಾದಗೊಂಡಿತು. ಫಿಸಿಯೋಪೀಡಿಯಾ ಈ ರೋಗದ ಕುರಿತ ಪಾಠಮಾಲೆಯನ್ನು ಸಿದ್ಧಪಡಿಸಿ ಶುಲ್ಕವಿಲ್ಲದೆ ಒದಗಿಸಿತು. ರೋಗದ ಬಗೆಗಿನ ತಿಳಿವಳಿಕೆ ವಾರವಾರಕ್ಕೂ ಬದಲಾಗುತ್ತಿದ್ದ ಆ ದಿನಗಳಲ್ಲಿ ಮುದ್ರಿತ ಪಠ್ಯಪುಸ್ತಕಕ್ಕೆ ಆ ವೇಗ ಸಾಧ್ಯವಿರಲಿಲ್ಲ. ಗುಣಮುಖರಾದವರಿಗೆ ಏದುಸಿರು, ನಿಶ್ಶಕ್ತಿಗಳನ್ನು ಮನೆಯಲ್ಲಿಯೇ ನಿಭಾಯಿಸಲು ನೆರವಾಗುವ ಕೈಪಿಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ವಿಭಾಗ ಅದೇ ವರ್ಷ ಹೊರತಂದಿತು.

ಯುದ್ಧ ಮತ್ತು ವಿಕೋಪಗಳ ನಡುವೆ

ಭೂಕಂಪ, ಯುದ್ಧಗಳಲ್ಲಿ ಬದುಕುಳಿದವರ ಸಂಖ್ಯೆ ಸುದ್ದಿಯಾಗುತ್ತದೆ, ಅವರು ಮುಂದೆ ಹೇಗೆ ಬದುಕಿದರೆಂಬುದು ಸುದ್ದಿಯಾಗುವುದು ಅಪರೂಪ. ಕಾಲು ಕತ್ತರಿಸಿದ ಮೇಲೆ ಉಳಿದ ಮೊಣಕಾಲು ಮಡಿಚಿಕೊಂಡೇ ಬಿಗಿದುಹೋದರೆ ಮುಂದೆ ಕೃತಕ ಕಾಲು ಜೋಡಿಸುವುದು ಕಷ್ಟವಾಗುತ್ತದೆ. ಸುಟ್ಟಗಾಯ ಮಾಯುವಾಗ ಚರ್ಮ ಸಂಕುಚಿತಗೊಂಡು ಕೀಲು ಸೆಟೆದುಕೊಳ್ಳುತ್ತದೆ. ಮೊದಲ ದಿನಗಳಲ್ಲಿಯೇ ಅಂಗವನ್ನು ಸರಿಯಾದ ಭಂಗಿಯಲ್ಲಿಟ್ಟು ಚಲನೆ ಕೊಡಿಸಿದರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು. ಈ ತಿಳಿವಳಿಕೆಯನ್ನು ಒಳಗೊಂಡ ಕೈಪಿಡಿಯೊಂದನ್ನು 'ಹ್ಯುಮಾನಿಟಿ ಅಂಡ್ ಇನ್‌ಕ್ಲೂಷನ್' ಸಂಸ್ಥೆಯು ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ ಮೊದಲಾದ ಸಂಸ್ಥೆಗಳ ಸಹಕಾರದೊಡನೆ 2020ರಲ್ಲಿ ಉಚಿತವಾಗಿ ಪ್ರಕಟಿಸಿತು.

ಅದೇ ವರ್ಷ 'ರಿಲ್ಯಾಬ್-ಎಚ್‌ಎಸ್' ಎಂಬ ಯೋಜನೆಯೂ ಆರಂಭವಾಯಿತು. ದೇಶಗಳ ಆರೋಗ್ಯ ವ್ಯವಸ್ಥೆಯೊಳಗೆ ಪುನಶ್ಚೇತನ ಸೇವೆಯನ್ನು ಬಲಪಡಿಸುವುದು ಅದರ ಗುರಿ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ನೇತೃತ್ವದ ಈ ಯೋಜನೆಯಲ್ಲಿ ಶಿಕ್ಷಣದ ಹೊಣೆ ಹೊತ್ತ ಪಾಲುದಾರ ಫಿಸಿಯೋಪೀಡಿಯಾ. ಪಾಕಿಸ್ತಾನ, ಉಗಾಂಡ, ಮ್ಯಾನ್ಮಾರ್‌ಗಳಿಗೂ ರಷ್ಯಾದ ದಾಳಿಗೆ 2022ರಲ್ಲಿ ತುತ್ತಾದ ಉಕ್ರೇನಿಗೂ ಇದರ ಕಾರ್ಯ ಹಬ್ಬಿತು.

ಹಣದ ಪ್ರಶ್ನೆ

ಓದುವವರಿಗೆ ಉಚಿತವಾದದ್ದು ಒದಗಿಸುವವರಿಗೆ ಉಚಿತವಲ್ಲ. ಗಣಕಗಳ ನಿರ್ವಹಣೆ, ದೃಶ್ಯಪಾಠಗಳ ತಯಾರಿ, ಅನುವಾದ, ಸಿಬ್ಬಂದಿಯ ಸಂಬಳ ಇವೆಲ್ಲಕ್ಕೂ ಹಣ ಬೇಕು. ಫಿಸಿಯೋಪೀಡಿಯಾ ಈ ವೆಚ್ಚವನ್ನು ದೇಣಿಗೆ, ಯೋಜನಾ ಅನುದಾನ ಮತ್ತು ವೃತ್ತಿನಿರತರಿಗಾಗಿ ನಡೆಸುವ ಚಂದಾ ಆಧಾರಿತ ಪಾಠಸೇವೆಗಳಿಂದ ತುಂಬಿಕೊಳ್ಳುತ್ತದೆ. ಹಣ ಕೊಡಬಲ್ಲವರ ಚಂದಾದಿಂದ ಕೊಡಲಾರದವರ ಓದು ಸಾಗುವ ಏರ್ಪಾಡು ಇದು.

ಅನುದಾನವನ್ನು ನೆಚ್ಚುವ ಅಪಾಯ 2025ರಲ್ಲಿ ಸ್ಪಷ್ಟವಾಯಿತು. ರಿಲ್ಯಾಬ್ ಯೋಜನೆಗೆ ಹಣ ಒದಗಿಸಿದ್ದು ಅಮೆರಿಕ ಸರ್ಕಾರದ ಯುಎಸ್‌ಏಡ್ ಸಂಸ್ಥೆ. ಆ ವರ್ಷದ ಜನವರಿಯಲ್ಲಿ ಅಮೆರಿಕವು ವಿದೇಶಿ ನೆರವನ್ನು ತಡೆಹಿಡಿಯಿತು. ಜುಲೈ 1ರಂದು ಯುಎಸ್‌ಏಡ್ ತನ್ನ ನೆರವಿನ ಕಾರ್ಯವನ್ನೇ ನಿಲ್ಲಿಸಿತು. ಒಂದು ದೇಶದ ರಾಜಕೀಯ ತೀರ್ಮಾನವು ಮತ್ತೊಂದು ಖಂಡದ ಚಿಕಿತ್ಸಾಲಯದ ಬಾಗಿಲು ಮುಚ್ಚಿಸಬಲ್ಲದು ಎಂಬುದಕ್ಕೆ ಇದು ನಿದರ್ಶನ. ಆದರೆ ಒಮ್ಮೆ ಬರೆದು ತೆರೆದಿಟ್ಟ ಪಾಠವನ್ನು ಹಾಗೆ ಸುಲಭವಾಗಿ ಮುಚ್ಚಲಾಗದು. ಅನುದಾನ ನಿಂತ ಮೇಲೂ ಉಳಿಯುವ ಆಸ್ತಿ ಅದು.

ಮಿತಿಗಳು

ಈ ಬಗೆಯ ಶಿಕ್ಷಣಕ್ಕೆ ಸ್ಪಷ್ಟವಾದ ಮಿತಿಗಳಿವೆ. ಭೌತಚಿಕಿತ್ಸೆ ಕೈಯ ವಿದ್ಯೆ. ಸೆಟೆದ ಸ್ನಾಯುವನ್ನು ಎಷ್ಟು ಹಿಗ್ಗಿಸಬೇಕು, ನಡೆಯಲು ಯತ್ನಿಸುವ ರೋಗಿಯನ್ನು ಎಲ್ಲಿ ಆಧರಿಸಿ ಎಲ್ಲಿ ಬಿಡಬೇಕು ಎಂಬುದು ತೆರೆಯ ಮೇಲೆ ನೋಡಿದ ಮಾತ್ರಕ್ಕೆ ಬರುವುದಿಲ್ಲ. ಅನುಭವಿಗಳ ಮೇಲ್ವಿಚಾರಣೆಯಲ್ಲಿ ರೋಗಿಗಳೊಡನೆ ದುಡಿಯಲೇಬೇಕು. ಆದ್ದರಿಂದ ಮುಕ್ತ ತರಗತಿಯ ಪ್ರಮಾಣಪತ್ರ ಪದವಿಗೆ ಬದಲಿಯಲ್ಲ. ವೃತ್ತಿ ನಡೆಸಲು ಪರವಾನಗಿಯೂ ಅಲ್ಲ. ಅದು ಕಾಲೇಜಿನ ಪಾಠಕ್ಕೆ ಪೂರಕ, ವೃತ್ತಿಯಲ್ಲಿರುವವರಿಗೆ ಮರುಕಲಿಕೆಯ ದಾರಿ.

ಎರಡನೆಯದು ಅಂತರ್ಜಾಲದ ಪ್ರಶ್ನೆ. ಸಂಪರ್ಕ ದುಬಾರಿಯಾದ ಅಥವಾ ದುರ್ಬಲವಾದ ಕಡೆ ದೃಶ್ಯಪಾಠಗಳು ತಲುಪುವುದಿಲ್ಲ. ಮೂರನೆಯದು ಭಾಷೆಯದು. ಪಾಠಗಳು ಮುಖ್ಯವಾಗಿ ಇಂಗ್ಲಿಷಿನಲ್ಲಿವೆ. ಇಂಗ್ಲಿಷ್ ಬಲ್ಲ ಚಿಕಿತ್ಸಕರು ಕಲಿತದ್ದನ್ನು ತಮ್ಮ ರೋಗಿಯ ಮಾತಿಗೆ ತಾವೇ ತಿರುಗಿಸಿಕೊಳ್ಳಬೇಕು.

ಕರ್ನಾಟಕದ ಮಟ್ಟಿಗೆ

ಕರ್ನಾಟಕದಲ್ಲಿ ಭೌತಚಿಕಿತ್ಸೆಯ ಕಾಲೇಜುಗಳಿಗೆ ಕೊರತೆಯಿಲ್ಲ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿಯೂ ಇತರ ವಿಶ್ವವಿದ್ಯಾಲಯಗಳಲ್ಲಿಯೂ ಪದವಿ, ಸ್ನಾತಕೋತ್ತರ ಪದವಿ ಶಿಕ್ಷಣ ನಡೆದಿದೆ. ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಬೆಂಗಳೂರಿನ ಅಂಗವಿಕಲರ ಸಂಸ್ಥೆ ಎಪಿಡಿ ಮತ್ತು 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಪುನಶ್ಚೇತನ ಸೇವೆಯಲ್ಲಿ ಹೆಸರು ಗಳಿಸಿವೆ. ಮೊಬಿಲಿಟಿ ಇಂಡಿಯಾದ ತರಬೇತಿಗಳಲ್ಲಿ ಹೊರದೇಶಗಳವರೂ ಕಲಿತಿದ್ದಾರೆ. ರಾಷ್ಟ್ರಮಟ್ಟದಲ್ಲಿ ಬಹುಕಾಲ ಸ್ವತಂತ್ರ ನಿಯಂತ್ರಣ ಮಂಡಳಿಯಿಲ್ಲದೆ ಇದ್ದ ಈ ವೃತ್ತಿಯು ಸಂಸತ್ತು 2021ರಲ್ಲಿ ಅಂಗೀಕರಿಸಿದ ಸಹಾಯಕ ಮತ್ತು ಆರೋಗ್ಯಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯಿದೆಯ ವ್ಯಾಪ್ತಿಗೆ ಬಂದಿದೆ.

ಆದರೆ ಚಿಕಿತ್ಸಕರು ಹೆಚ್ಚಾಗಿ ನಗರಗಳಲ್ಲಿ ನೆಲೆಸಿದ್ದಾರೆ. ಪಾರ್ಶ್ವವಾಯು ಬಡಿದ ಹಳ್ಳಿಯ ವೃದ್ಧರು ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ ಅವರ ಕೈಕಾಲು ಆಡಿಸುವ ಹೊಣೆ ಬೀಳುವುದು ಮಗಳ ಮೇಲೆ, ಸೊಸೆಯ ಮೇಲೆ. ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಅವರಿಗೆ ಕನ್ನಡದಲ್ಲಿ ತಿಳಿಸಬೇಕು. ಸಿಡ್ನಿಯ ಪೆಡ್ರೋ ದತ್ತಸಂಚಯವು ತಮಿಳಿನಲ್ಲಿಯೂ ಪುಟಗಳನ್ನು ತೆರೆದಿದೆ. ಅದನ್ನು ಆಗಮಾಡಿದ್ದು ಆ ಭಾಷೆ ಬಲ್ಲ ಚಿಕಿತ್ಸಕರ ಆಸಕ್ತಿ. ಕನ್ನಡಕ್ಕೂ ಈ ಕೆಲಸ ಅಸಾಧ್ಯವೇನಲ್ಲ. ವಿದೇಶದ ವಿಶ್ವವಿದ್ಯಾಲಯಗಳು ಮಾಡಿದಂತೆ, ರಾಜ್ಯದ ಕಾಲೇಜುಗಳು ತಮ್ಮ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಹಾಸಿಗೆಹುಣ್ಣು, ಪಾರ್ಶ್ವವಾಯು, ಮಂಡಿನೋವುಗಳ ಆರೈಕೆಯನ್ನು ಸರಳ ಕನ್ನಡದಲ್ಲಿ ಬರೆಯುವ ಕೆಲಸ ವಹಿಸಬಹುದು. ಅಧ್ಯಾಪಕರು ತಿದ್ದಿ ಒಪ್ಪಿದ ಬರಹಗಳನ್ನು ಎಲ್ಲರಿಗೂ ತೆರೆದಿಡಬಹುದು.

ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ 'ಪುನಶ್ಚೇತನ 2030' ಎಂಬ ಕರೆ ನೀಡಿತು. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಪುನಶ್ಚೇತನ ಸೇವೆಯನ್ನು ಆರೋಗ್ಯ ವ್ಯವಸ್ಥೆಗಳಲ್ಲಿ ಬಲಪಡಿಸುವ ನಿರ್ಣಯವನ್ನು ಅಂಗೀಕರಿಸಿತು. ನಿರ್ಣಯ ಕಾರ್ಯರೂಪಕ್ಕೆ ಬರಬೇಕಾದರೆ ತರಬೇತಾದ ಚಿಕಿತ್ಸಕರು ಈಗಿರುವುದಕ್ಕಿಂತ ಬಹಳ ಹೆಚ್ಚಿನ ಸಂಖ್ಯೆಯಲ್ಲಿ ಬೇಕು. ಅವರನ್ನು ತಯಾರು ಮಾಡುವ ಹೊಣೆ ಸರ್ಕಾರಗಳದ್ದು ಮತ್ತು ಕಾಲೇಜುಗಳದ್ದು. ಸೇವಾಸಂಸ್ಥೆಗಳ ಉಚಿತ ಪಾಠಗಳು ಆ ಹೊಣೆಯನ್ನು ಹಗುರಗೊಳಿಸಬಲ್ಲವೇ ಹೊರತು ಅದರ ಜಾಗವನ್ನು ತುಂಬಲಾರವು.